ಜನರಲ್‌ಗೂ ಸಿಪಾಯಿಗೂ ಒಂದೇ ಕಾಯ್ದೆ

ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನ ಮಗ ರಜೆಗೆ ಊರಿಗೆ ಬಂದಿದ್ದ. ಸೇನೆಗೆ ಸೇರಿ, ತರಬೇತಿ ಮುಗಿಸಿ, ಮೊದಲ ಸಲ ಸಿಕ್ಕಿದ ರಜೆ. ಸಕಲೇಶಪುರದಿಂದ ಹೆತ್ತೂರಿಗೆ ಬಸ್ಸಿನಲ್ಲಿ ಬಂದವರಿಗೆ ನಮ್ಮ ಕಡೆಯ ಮಳೆ ಎಂಥದ್ದೆಂದು ಗೊತ್ತಿರುತ್ತದೆ. ಒಂದು ಮರ ಉರುಳಿದರೆ ದಾರಿ ಬಂದ್, ಕರೆಂಟು ದಿನಗಟ್ಟಲೆ ಇಲ್ಲ, ಮೊಬೈಲ್ ಟವರ್ ಇದ್ದೂ ಇಲ್ಲದಂತೆ. ಅದರ ಮೇಲೆ ದೊಡ್ಡಮ್ಮನಿಗೆ ಜ್ವರ, ಗದ್ದೆ ನಾಟಿ ಅರ್ಧಕ್ಕೆ ನಿಂತಿತ್ತು. ಅಣ್ಣ ರಜೆ ಮುಗಿದರೂ ನಾಲ್ಕು ದಿನ ಹೆಚ್ಚಿಗೆ ಉಳಿದುಬಿಟ್ಟ. ಹೋದ ಮೇಲೆ ವಿಷಯ ಹೇಳಿದರಾಯಿತು ಅಂದುಕೊಂಡಿದ್ದ. ನಮಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕಾಲೇಜಿಗೆ ನಾಲ್ಕು ದಿನ ಚಕ್ಕರ್ ಹೊಡೆದರೆ ಹಾಜರಾತಿ ಕಡಿಮೆಯಾಗುತ್ತದೆ, ಅಷ್ಟೇ ತಾನೆ?

ಐದನೇ ದಿನ ಬೆಳಿಗ್ಗೆ ಮಿಲಿಟರಿ ಅಜ್ಜ ಮನೆಗೆ ಬಂದರು. ಅವರು ನಿವೃತ್ತ ಹವಾಲ್ದಾರರು, ಊರಿನಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುವುದು. ಅಣ್ಣ ಇನ್ನೂ ಇಲ್ಲೇ ಇದ್ದಾನೆ ಎಂದು ತಿಳಿದದ್ದೇ ತಡ, ಅವರ ಮುಖವೇ ಬದಲಾಯಿತು. ಕಾಫಿ ಕೂಡ ಮುಟ್ಟಲಿಲ್ಲ. ಕೊಡೆ ಹಿಡಿದು ಅಣ್ಣನನ್ನು ಸಿಗ್ನಲ್ ಸಿಗುವ ಗುಡ್ಡದ ಮೇಲಕ್ಕೆ ಕರೆದುಕೊಂಡು ಹೋಗಿ, ಅವನ ಯೂನಿಟ್‌ಗೆ ಫೋನ್ ಮಾಡಿಸಿದರು. ದೊಡ್ಡಮ್ಮನ ಆಸ್ಪತ್ರೆ ಚೀಟಿಯನ್ನು ಅವನ ಬ್ಯಾಗಿನಲ್ಲಿ ಇಡಿಸಿದರು. ಅದೇ ಸಂಜೆ ಅಣ್ಣ ರೈಲು ಹತ್ತಿದ.

ಆಮೇಲೆ ಅಜ್ಜ ನಮ್ಮೆಲ್ಲರನ್ನೂ ಕೂರಿಸಿಕೊಂಡು ವಿವರಿಸಿದರು. ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು ಸೇನಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. 30 ದಿನ ದಾಟಿದರೆ ವಿಚಾರಣಾ ಮಂಡಳಿ ಕೂರುತ್ತದೆ, ಆತ ಓಡಿಹೋದವನೆಂದೇ ದಾಖಲಾಗುತ್ತಾನೆ. ಪುಣ್ಯಕ್ಕೆ ಅಣ್ಣನ ವಿಷಯ ಎಚ್ಚರಿಕೆಯಲ್ಲಿ ಮುಗಿಯಿತು. ಆದರೆ ನನಗೆ ಆ ದಿನ ನಾಚಿಕೆಯಾಯಿತು. ನಾನು ಬಿ.ಇ. ಓದುತ್ತಿದ್ದೇನೆ. ಎಂಜಿನಿಯರಿಂಗ್ ಪದವೀಧರರಿಗೆಂದೇ ಇರುವ ಟೆಕ್ನಿಕಲ್ ಎಂಟ್ರಿ ಮೂಲಕ ಸೇನೆಗೆ ಅರ್ಜಿ ಹಾಕಬೇಕೆಂದು ನನಗೂ ಆಸೆಯಿದೆ. ಎಷ್ಟು ಸಂಬಳ, ಎಷ್ಟು ವಯಸ್ಸು, ಎಸ್‌ಎಸ್‌ಬಿ ಸಂದರ್ಶನ ಎಷ್ಟು ದಿನ ಎಂಬುದೆಲ್ಲ ಬಾಯಿಪಾಠ. ಸೇರಿದ ಮೇಲೆ ಯಾವ ಕಾನೂನಿನ ಕೆಳಗೆ ಬದುಕಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ಇಷ್ಟೊಂದು ಬಿಗಿಯಾದ ಕಾಯ್ದೆ ಬಡ ಸಿಪಾಯಿಗೆ ಮಾತ್ರವಾ ಎಂದು ಕೇಳಿದೆ. ಅಜ್ಜ ನಕ್ಕು, ತಿಮ್ಮಯ್ಯನವರ ಬಗ್ಗೆ ಓದು ಎಂದಷ್ಟೇ ಹೇಳಿ ಎದ್ದುಹೋದರು. ಓದಿದೆ. ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಕಾಫಿ ಸೀಮೆಯ ಹುಡುಗ

ನಮ್ಮ ಹೆತ್ತೂರಿನಿಂದ ದಕ್ಷಿಣಕ್ಕೆ ಶನಿವಾರಸಂತೆ, ಸೋಮವಾರಪೇಟೆ ದಾಟಿದರೆ ಮಡಿಕೇರಿ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು ಅಲ್ಲಿ, 1906ರ ಮಾರ್ಚ್ ಕೊನೆಯಲ್ಲಿ. ಮನೆಯವರು ಕಾಫಿ ಬೆಳೆಗಾರರು. ಚಿಕ್ಕ ವಯಸ್ಸಿನಲ್ಲೇ ಕೂನೂರಿನ ಸೇಂಟ್ ಜೋಸೆಫ್ಸ್ ಶಾಲೆ, ಬಳಿಕ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. 1922ರಲ್ಲಿ ಡೆಹ್ರಾಡೂನ್‌ನಲ್ಲಿ ಭಾರತೀಯ ಹುಡುಗರಿಗಾಗಿ ಮಿಲಿಟರಿ ಕಾಲೇಜು ಆರಂಭವಾದಾಗ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಇವರೂ ಒಬ್ಬರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ, ಇಪ್ಪತ್ತು ತುಂಬುವ ಮುಂಚೆಯೇ, ಅಧಿಕಾರಿಯಾಗಿ ಹೊರಬಂದರು. ಅಂದರೆ ಈಗ ನನಗಿರುವ ವಯಸ್ಸಿಗಿಂತಲೂ ಚಿಕ್ಕವರು. ಸ್ನೇಹಿತರ ಬಾಯಲ್ಲಿ ಅವರು ಟಿಮ್ಮಿ.

ಆಗಿನ ಸೇನೆಯಲ್ಲಿ ಅಧಿಕಾರಿಗಳಲ್ಲೇ ಎರಡು ಬಗೆ. ಸ್ಯಾಂಡ್‌ಹರ್ಸ್ಟ್‌ನಲ್ಲಿ ಓದಿ ಬಂದ ಭಾರತೀಯರಿಗೆ ಬ್ರಿಟಿಷ್ ಅಧಿಕಾರಿಗಳಿಗೆ ಕೊಡುವಂಥದ್ದೇ ರಾಜನ ಕಮಿಷನ್ ಸಿಗುತ್ತಿತ್ತು. 1932ರಲ್ಲಿ ಡೆಹ್ರಾಡೂನ್‌ನಲ್ಲಿ ಇಂಡಿಯನ್ ಮಿಲಿಟರಿ ಅಕಾಡೆಮಿ ಶುರುವಾದ ಮೇಲೆ ಅಲ್ಲಿಂದ ಬಂದವರಿಗೆ ಸಿಕ್ಕಿದ್ದು ಬೇರೆಯೇ ಕಮಿಷನ್. ಅದಕ್ಕೆ ಬ್ರಿಟಿಷ್ ಸೈನಿಕರ ಮೇಲೆ ಅದೇ ಅಧಿಕಾರ ಇರಲಿಲ್ಲ. ಭಾರತೀಯ ಸಿಪಾಯಿಗಳಿಗೆ 1911ರ ಇಂಡಿಯನ್ ಆರ್ಮಿ ಆ್ಯಕ್ಟ್ ಇತ್ತು, ಬ್ರಿಟಿಷರಿಗೆ ಅವರದೇ ದೇಶದ ಕಾಯ್ದೆ. ಒಂದೇ ಕಂದಕದಲ್ಲಿ ನಿಂತು ಹೋರಾಡುವವರಿಗೆ ಎರಡು ಕಾನೂನು.

ತಾರತಮ್ಯ ಅಲ್ಲಿಗೇ ನಿಲ್ಲಲಿಲ್ಲ. ಭಾರತೀಯ ಅಧಿಕಾರಿಗಳನ್ನು 1923ರಲ್ಲಿ ಗೊತ್ತುಮಾಡಿದ ಎಂಟೇ ಎಂಟು ಯೂನಿಟ್‌ಗಳಿಗೆ ಕಳಿಸುವ ಪದ್ಧತಿ ಬಂತು. ಬ್ರಿಟಿಷ್ ಅಧಿಕಾರಿಯೊಬ್ಬ ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗ ಬಾರದಿರಲಿ ಎಂಬುದು ಅದರ ಹಿಂದಿದ್ದ ಲೆಕ್ಕ. ತಿಮ್ಮಯ್ಯ ಸೇರಿದ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಆ ಎಂಟರಲ್ಲಿ ಒಂದು. ಇಂದು ಅದು ಕುಮಾವೂ ರೆಜಿಮೆಂಟಿನ ಭಾಗ.

ಸಮವಸ್ತ್ರ ಕಳಚಬೇಕೇ?

1930ರ ಆಸುಪಾಸು. ದೇಶದಲ್ಲಿ ಸ್ವಾತಂತ್ರ್ಯ ಚಳವಳಿ ಜೋರಾಗಿತ್ತು. ತಿಮ್ಮಯ್ಯ ಆಗ ಅಲಹಾಬಾದ್‌ನಲ್ಲಿದ್ದರು. ಪರದೇಶದವರ ಸಮವಸ್ತ್ರ ತೊಟ್ಟು ತನ್ನ ಜನರ ಎದುರು ನಿಲ್ಲುವುದು ಹೇಗೆ ಎಂಬ ಪ್ರಶ್ನೆ ಅವರನ್ನೂ ಅವರ ಭಾರತೀಯ ಗೆಳೆಯರನ್ನೂ ಕಾಡುತ್ತಿತ್ತು. ಅವರ ಜೀವನಚರಿತ್ರೆಯಲ್ಲಿ ಬರುವ ಪ್ರಸಂಗದಂತೆ, ಒಂದು ಸಂಜೆ ಚಿತ್ರಮಂದಿರದಲ್ಲಿ ಹಿರಿಯರೊಬ್ಬರು ಬಂದು, ಬ್ರಿಟಿಷರ ಸಮವಸ್ತ್ರ ತೊಟ್ಟರೆ ಹೇಗನ್ನಿಸುತ್ತದೆ ಎಂದು ಕೇಳಿದರು. ಸೆಖೆ ಎಂದರು ತಿಮ್ಮಯ್ಯ. ಕೇಳಿದವರು ಮೋತಿಲಾಲ್ ನೆಹರೂ. ಆ ಪರಿಚಯ ಆನಂದ ಭವನದವರೆಗೂ ಬೆಳೆಯಿತು. ರಾಜೀನಾಮೆ ಕೊಡಲೇ ಎಂದು ಕೇಳಿದಾಗ ಮೋತಿಲಾಲರು ಬೇಡವೆಂದರು. ನಾಳೆ ದೇಶ ಸ್ವತಂತ್ರವಾದಾಗ ಸೇನೆ ನಡೆಸಬಲ್ಲ ಭಾರತೀಯರು ಬೇಕಾಗುತ್ತಾರೆ, ಅಲ್ಲೇ ಇದ್ದು ಕಲಿಯಿರಿ ಎಂಬುದು ಅವರ ಸಲಹೆಯ ತಾತ್ಪರ್ಯ. ತಿಮ್ಮಯ್ಯ ಉಳಿದರು.

1935ರಲ್ಲಿ ನೀನಾ ಅವರೊಂದಿಗೆ ಮದುವೆಯಾಯಿತು. ಅದೇ ವರ್ಷ ಮೇ 31ರಂದು ಕ್ವೆಟ್ಟಾ ಭೂಕಂಪ. ಹೊಸ ದಂಪತಿ ಇಬ್ಬರೂ ಪರಿಹಾರ ಕೆಲಸಕ್ಕಿಳಿದರು.

ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ

ಎರಡನೇ ಮಹಾಯುದ್ಧ ಶುರುವಾದಾಗ ತಿಮ್ಮಯ್ಯ ಸಿಂಗಪುರದಲ್ಲಿದ್ದರು. ಬಳಿಕ ಭಾರತಕ್ಕೆ ವರ್ಗವಾಯಿತು. 1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನಿನ ವಶವಾಯಿತು, ಸಾವಿರಾರು ಭಾರತೀಯ ಸೈನಿಕರು ಸೆರೆಯಾದರು. ಅವರ ಅಣ್ಣ ಪೊನ್ನಪ್ಪ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದರು. ತಿಮ್ಮಯ್ಯ ಬರ್ಮಾದ ಅರಾಕಾನ್‌ನಲ್ಲಿ ಜಪಾನಿನ ವಿರುದ್ಧ ಬೆಟಾಲಿಯನ್ ನಡೆಸಿದರು. 1945ರ ಆರಂಭದ ಕಾಂಗಾವ್ ಕದನ ಅವರಿಗೆ ಡಿಎಸ್‌ಒ ಗೌರವ ತಂದಿತು. ಮುಂದೆ 36ನೇ ಬ್ರಿಗೇಡ್‌ನ ಹೊಣೆ ಬಂತು. ಆ ಯುದ್ಧದಲ್ಲಿ ರಣರಂಗದಲ್ಲಿ ಬ್ರಿಗೇಡ್ ಮುನ್ನಡೆಸಿದ ಭಾರತೀಯ ಇವರೊಬ್ಬರೇ. 1945ರ ಸೆಪ್ಟೆಂಬರ್‌ನಲ್ಲಿ ಸಿಂಗಪುರದಲ್ಲಿ ಜಪಾನಿನ ಶರಣಾಗತಿ ಸಮಾರಂಭ ನಡೆದಾಗ ಭಾರತದ ಪರವಾಗಿ ಹಾಜರಿದ್ದವರೂ ಬ್ರಿಗೇಡಿಯರ್ ತಿಮ್ಮಯ್ಯನವರೇ.

ಒಂದೇ ಮನೆಯ ಇಬ್ಬರು, ಎರಡು ಸೇನೆ. ಇಲ್ಲಿ ಯಾರು ದೇಶಭಕ್ತ ಎಂದು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ಕಾನೂನಿಗೂ ಅದು ಸುಲಭವಾಗಲಿಲ್ಲ. 1945ರ ನವೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಷಾನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ಕೋರ್ಟ್ ಮಾರ್ಷಲ್ ನಡೆಯಿತು. ರಾಜನ ವಿರುದ್ಧ ಯುದ್ಧ ಹೂಡಿದ ಆರೋಪ. ಪರರ ಆಳ್ವಿಕೆಯಲ್ಲಿರುವ ಜನರಿಗೂ ತಮ್ಮ ಬಿಡುಗಡೆಗಾಗಿ ಯುದ್ಧ ಮಾಡುವ ಹಕ್ಕು ಅಂತರರಾಷ್ಟ್ರೀಯ ಕಾನೂನಿನಲ್ಲಿದೆ ಎಂದು ವಕೀಲ ಭೂಲಾಭಾಯಿ ದೇಸಾಯಿ ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ, ಮೂವರಿಗೂ ಜೀವಾವಧಿ ಗಡೀಪಾರು ವಿಧಿಸಿತು. ಆದರೆ ದೇಶವೇ ಸಿಡಿದೆದ್ದಿತ್ತು. 1946ರ ಜನವರಿಯಲ್ಲಿ ಸೇನಾ ಮುಖ್ಯಸ್ಥ ಆಕಿನ್‌ಲೆಕ್ ಗಡೀಪಾರು ಶಿಕ್ಷೆಯನ್ನು ಮನ್ನಾ ಮಾಡಿ, ಸೇವೆಯಿಂದ ವಜಾ ಮಾಡಿದ್ದನ್ನು ಮಾತ್ರ ಉಳಿಸಿಕೊಂಡರು. ಜನ ಒಪ್ಪದ ಕಾಯ್ದೆಗೆ ಎಷ್ಟು ಬಲವಿರುತ್ತದೆ ಎಂಬುದು ಅಲ್ಲಿ ಬಯಲಾಯಿತು.

ಸ್ವಂತ ದೇಶ, ಸ್ವಂತ ಕಾಯ್ದೆ

ಸ್ವಾತಂತ್ರ್ಯದ ಬೆನ್ನಿಗೇ ಕಾಶ್ಮೀರದ ಯುದ್ಧ. ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರಿಗೆ ಅಲ್ಲಿನ ಡಿವಿಷನ್ ಒಂದರ ಹೊಣೆ. 1948ರ ಮೇ ತಿಂಗಳಲ್ಲಿ ಏರ್ ಕಮೋಡೋರ್ ಮೆಹರ್ ಸಿಂಗ್ ಹಾರಿಸಿದ ಡಕೋಟಾ ವಿಮಾನದಲ್ಲಿ ಕುಳಿತು ಲೇಹ್‌ನಲ್ಲಿ ಇಳಿದರು. ಅಲ್ಲಿ ಸರಿಯಾದ ವಿಮಾನ ನಿಲ್ದಾಣವೇ ಇರಲಿಲ್ಲ. ನವೆಂಬರ್ 1ರಂದು ಜೋಜಿ ಲಾ ಕಣಿವೆದಾರಿಗೆ ಟ್ಯಾಂಕ್ ಹತ್ತಿಸಿದರು. 11 ಸಾವಿರ ಅಡಿಗೂ ಮೀರಿದ ಎತ್ತರದಲ್ಲಿ ಟ್ಯಾಂಕ್ ಬಂದೀತೆಂದು ಎದುರಾಳಿಗಳು ಕನಸಲ್ಲೂ ಎಣಿಸಿರಲಿಲ್ಲ. ಆ ಟ್ಯಾಂಕ್‌ಗಳು 7ನೇ ಕ್ಯಾವಲ್ರಿಯವು. ಬ್ರಿಟಿಷರು ಭಾರತೀಯ ಅಧಿಕಾರಿಗಳಿಗೆಂದು ಪ್ರತ್ಯೇಕಿಸಿಟ್ಟಿದ್ದ ಎಂಟು ಯೂನಿಟ್‌ಗಳಲ್ಲಿ ಅದೂ ಒಂದು! ಇದೇ ಕಾಶ್ಮೀರ ಕಾರ್ಯಾಚರಣೆಯಲ್ಲಿ ತಿಮ್ಮಯ್ಯನವರ ತಮ್ಮ ಸೋಮಯ್ಯ ನೆಲಬಾಂಬ್ ಸಿಡಿದು ತೀರಿಕೊಂಡರು.

1950ರ ಜನವರಿ 26ಕ್ಕೆ ಸಂವಿಧಾನ ಬಂತು. ಅದರ 53ನೇ ವಿಧಿ ಸೇನಾಪಡೆಗಳ ಪರಮಾಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು, ಆದರೆ ಅದನ್ನು ಕಾನೂನಿನಂತೆಯೇ ಚಲಾಯಿಸಬೇಕು ಎಂದಿತು. 33ನೇ ವಿಧಿ, ಸೈನಿಕರ ಮೂಲಭೂತ ಹಕ್ಕುಗಳನ್ನು ಎಷ್ಟರಮಟ್ಟಿಗೆ ಮೊಟಕುಗೊಳಿಸಬೇಕೆಂದು ನಿರ್ಧರಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿತು. ಅದೇ ವರ್ಷ ಸಂಸತ್ತು ಸೇನಾ ಕಾಯ್ದೆಯನ್ನು ಅಂಗೀಕರಿಸಿತು. ಜುಲೈ 22ರಿಂದ ಅದು ಜಾರಿಗೆ ಬಂತು. 1911ರ ಕಾಯ್ದೆ ಇತಿಹಾಸ ಸೇರಿತು. ಸಿಪಾಯಿಯಿಂದ ಜನರಲ್‌ವರೆಗೆ ಎಲ್ಲರೂ ಒಂದೇ ಕಾಯ್ದೆಯ ಕೆಳಗೆ ಬಂದರು.

ಆ ಕಾಯ್ದೆಯನ್ನು ನಾನೂ ಓದಿದೆ. ವಕೀಲನಲ್ಲ, ಆದರೂ ಅರ್ಥವಾಗುವಷ್ಟು ಸರಳವಾಗಿದೆ. ಶತ್ರುವಿಗೆ ನೆಲೆ ಬಿಟ್ಟುಕೊಡುವುದು, ದಂಗೆ, ಯುದ್ಧಕಾಲದಲ್ಲಿ ಓಡಿಹೋಗುವುದು ಮರಣದಂಡನೆಯವರೆಗೂ ಹೋಗಬಹುದಾದ ಅಪರಾಧಗಳು. ಅನುಮತಿಯಿಲ್ಲದೆ ಸಂಘ ಕಟ್ಟುವಂತಿಲ್ಲ, ರಾಜಕೀಯ ಸಭೆಗೆ ಹೋಗುವಂತಿಲ್ಲ, ಪತ್ರಿಕೆಗೆ ಬರೆಯುವಂತಿಲ್ಲ. ಮೇಲಧಿಕಾರಿಯ ಆಜ್ಞೆ ಮೀರುವುದು 41ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಅಲ್ಲಿ ಆಜ್ಞೆ ಎಂಬುದರ ಹಿಂದೆ ಕಾನೂನುಬದ್ಧ ಎಂಬ ಒಂದು ಪದವಿದೆ. ಇಡೀ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ ಪದ ಅದು.

ಕಾಯ್ದೆ ಬರೀ ಬೆತ್ತವಲ್ಲ, ಕೊಡೆಯೂ ಹೌದು. ಸೈನಿಕನ ಸಂಬಳವನ್ನು ಸಿವಿಲ್ ಕೋರ್ಟ್ ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ. ಸಾಲದ ಕಾರಣಕ್ಕೆ ಆತನನ್ನು ಬಂಧಿಸುವಂತಿಲ್ಲ. ಊರಿನಲ್ಲಿ ಜಮೀನಿನ ಕೇಸ್ ಇದ್ದು ರಜೆ ಮೇಲೆ ಬಂದರೆ, ಸೂಕ್ತ ಪ್ರಮಾಣಪತ್ರ ತೋರಿಸಿದಾಗ ನ್ಯಾಯಾಲಯ ಸಾಧ್ಯವಾದಷ್ಟೂ ಆ ರಜೆಯೊಳಗೇ ವಿಚಾರಣೆಗೆ ಅನುವು ಮಾಡಿಕೊಡಬೇಕು. ಅನ್ಯಾಯವಾಯಿತೆಂದು ಅನ್ನಿಸಿದರೆ ಮೇಲಧಿಕಾರಿಗೆ, ಅವರ ಮೇಲಿನವರಿಗೆ ದೂರು ಕೊಡುವ ಹಕ್ಕೂ ಇದೆ. ನಮ್ಮ ಕಡೆ ಎಷ್ಟು ಮನೆಗಳಿಗೆ ಇದು ಗೊತ್ತಿದೆ?

ಕೊರಿಯಾದ ಕೈದಿಗಳು

1953ರಲ್ಲಿ ಕೊರಿಯಾ ಯುದ್ಧ ನಿಂತಿತು, ಆದರೆ ಒಂದು ಗಂಟು ಬಿಚ್ಚದೆ ಉಳಿದಿತ್ತು. ಯುದ್ಧ ಮುಗಿದ ಮೇಲೆ ಕೈದಿಗಳನ್ನು ತಡಮಾಡದೆ ಬಿಡುಗಡೆ ಮಾಡಿ ಅವರವರ ದೇಶಕ್ಕೆ ಕಳಿಸಬೇಕೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಕೈದಿಯೇ ಹೋಗಲೊಲ್ಲೆ ಎಂದರೆ? ಅದನ್ನು ಬಗೆಹರಿಸಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅಧ್ಯಕ್ಷತೆ ಭಾರತದ್ದು, ಕುರ್ಚಿಯಲ್ಲಿ ಕೂತವರು ತಿಮ್ಮಯ್ಯ. ಕಾವಲಿಗೆ ಮೇಜರ್ ಜನರಲ್ ಥೋರಟ್ ಅವರ ಕೈಕೆಳಗೆ ಭಾರತದ ಪಡೆ.

ಒಂದು ಕಡೆ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು, ಇನ್ನೊಂದು ಕಡೆಯ 359 ಮಂದಿ. ಬಲವಂತವಾಗಿ ಕಳಿಸುವಂತಿಲ್ಲ, ಬಲವಂತವಾಗಿ ತಡೆಯುವಂತೆಯೂ ಇಲ್ಲ ಎಂಬುದು ನಿಯಮ. ಶಿಬಿರಗಳೊಳಗೆ ಕೈದಿಗಳ ಗುಂಪುಗಳೇ ತಮ್ಮವರನ್ನು ಹೆದರಿಸುತ್ತಿದ್ದವು. ಎರಡೂ ಬಣ ಭಾರತವನ್ನು ಅನುಮಾನದಿಂದ ನೋಡಿದವು. ಬಂದೂಕು ಕೈಯಲ್ಲಿದ್ದೂ ಬಳಸದಿರುವುದು ಬಳಸುವುದಕ್ಕಿಂತ ಕಷ್ಟವಾದ ಪರೀಕ್ಷೆ. 1954ರ ಜನವರಿಯಲ್ಲಿ ಅವಧಿ ಮುಗಿದಾಗ, ಮನೆಗೆ ಮರಳಲು ಒಪ್ಪದವರನ್ನು ಮೊದಲು ಯಾರ ವಶದಲ್ಲಿದ್ದರೋ ಅವರಿಗೇ ಒಪ್ಪಿಸಲಾಯಿತು. ಎರಡೂ ಕಡೆ ಬೇಡವೆಂದ 88 ಮಂದಿ ಕಾವಲು ಪಡೆಯೊಂದಿಗೆ ಭಾರತಕ್ಕೆ ಬಂದರು. ಆ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು.

ಒಂದು ರಾಜೀನಾಮೆ ಪತ್ರ

1957ರ ಮೇ ತಿಂಗಳಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. ಕಾರ್ಯಪ್ಪನವರ ನಂತರ ಕೊಡಗಿನಿಂದ ಆ ಹುದ್ದೆಗೇರಿದ ಎರಡನೆಯವರು. ರಕ್ಷಣಾ ಸಚಿವರಾಗಿದ್ದವರು ವಿ.ಕೆ. ಕೃಷ್ಣ ಮೆನನ್. ಹಿರಿಯ ಅಧಿಕಾರಿಗಳ ಬಡ್ತಿ ವಿಚಾರದಲ್ಲಿ, ಕೆಲಸ ಮಾಡುವ ರೀತಿಯಲ್ಲಿ ಇಬ್ಬರಿಗೂ ಹೊಂದಲಿಲ್ಲ. 1959ರ ಆಗಸ್ಟ್ ಕೊನೆಯಲ್ಲಿ ಗಡಿಯ ಲೋಂಗ್ಜುವಿನಲ್ಲಿ ಚೀನೀಯರೊಂದಿಗೆ ಗುಂಡಿನ ಚಕಮಕಿ ನಡೆದಿತ್ತು. ಅದೇ ವಾರ, ಆಗಸ್ಟ್ 31ರಂದು, ತಿಮ್ಮಯ್ಯ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ರಾಜೀನಾಮೆ ಕಳಿಸಿದರು. ನೆಹರೂ ಕರೆಸಿ ಮಾತಾಡಿ ಮನವೊಲಿಸಿದರು. ತಿಮ್ಮಯ್ಯ ಪತ್ರ ಹಿಂತೆಗೆದುಕೊಂಡರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗಳಿಗೆ ಸೋರಿತ್ತು. ಸೆಪ್ಟೆಂಬರ್ 2ರಂದು ನೆಹರೂ ಸಂಸತ್ತಿನಲ್ಲಿ ಎದ್ದು ನಿಂತು, ಸೇನೆಯ ಮೇಲೆ ನಾಗರಿಕ ಸರ್ಕಾರದ್ದೇ ಕೊನೆಯ ಮಾತು ಎಂದು ಸ್ಪಷ್ಟಪಡಿಸಿದರು. ತಿಮ್ಮಯ್ಯ ನಡೆದುಕೊಂಡ ರೀತಿಯನ್ನು ತಾನು ಮೆಚ್ಚಲಾರೆ ಎಂಬರ್ಥದ ಮಾತನ್ನೂ ಆಡಿದರು.

ದೇಶದ ಎದುರು ಹೀಗೆ ಅನ್ನಿಸಿಕೊಂಡ ಸೇನಾ ಮುಖ್ಯಸ್ಥ ಏನು ಮಾಡಬಹುದಿತ್ತು? ಸುತ್ತಮುತ್ತ ನೋಡಿ. 1958ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದಲ್ಲಿ ಜನರಲ್ ಅಯೂಬ್ ಖಾನ್ ಅಧಿಕಾರ ಹಿಡಿದಿದ್ದರು. ಅದೇ ತಿಂಗಳು ಬರ್ಮಾದಲ್ಲಿ ಜನರಲ್ ನೆ ವಿನ್ ಪ್ರಧಾನಿಯಾಗಿದ್ದರು. ಸ್ವಾತಂತ್ರ್ಯಕ್ಕೂ ಮುಂಚೆ ಈ ಮೂರೂ ನೆಲಗಳನ್ನು ಆಳಿದವರು ಒಬ್ಬರೇ ಬ್ರಿಟಿಷರು. ಆದರೆ ತಿಮ್ಮಯ್ಯನವರ ಕೈಕೆಳಗೆ ಲಕ್ಷಾಂತರ ಸೈನಿಕರಿದ್ದರು, ಅವರು ಬಳಸಿದ್ದು ಒಂದು ಕಾಗದ. ಅದು ಕೂಡ ಒಪ್ಪಿಗೆಯಾಗದೇ ಹೋದಾಗ ಮರುದಿನ ಮತ್ತೆ ಕಚೇರಿಗೆ ಹೋದರು. ಪತ್ರಿಕೆಗಳಿಗೆ ಹೇಳಿಕೆ ಕೊಡಲಿಲ್ಲ. ಸೈನಿಕ ಪತ್ರಿಕೆಗೆ ಬರೆಯುವಂತಿಲ್ಲ ಎಂಬ ನಿಯಮ ಸಿಪಾಯಿಗೆ ಹೇಗೋ ಅವರಿಗೂ ಹಾಗೇ. 1961ರ ಮೇ 7ರಂದು ನಿವೃತ್ತರಾಗುವವರೆಗೆ ಇನ್ನೂ ಇಪ್ಪತ್ತು ತಿಂಗಳು ಅದೇ ಸಚಿವರ ಜೊತೆ ದುಡಿದರು.

ರಾಜೀನಾಮೆ ಕೊಟ್ಟದ್ದೇ ತಪ್ಪು ಎಂದವರಿದ್ದಾರೆ, ಹಿಂತೆಗೆದುಕೊಂಡದ್ದು ತಪ್ಪು ಎಂದವರೂ ಇದ್ದಾರೆ. ಆವತ್ತು ಪಟ್ಟು ಹಿಡಿದಿದ್ದರೆ 1962ರ ಸೋಲು ತಪ್ಪುತ್ತಿತ್ತೇನೋ ಎಂಬ ಚರ್ಚೆ ಇಂದಿಗೂ ಇದೆ. ನಿವೃತ್ತಿಯ ನಂತರ, 1962ರ ಜುಲೈನಲ್ಲಿ, ಅವರು ಸೆಮಿನಾರ್ ಪತ್ರಿಕೆಗೆ ಬರೆದ ಲೇಖನದಲ್ಲಿ ಚೀನಾವನ್ನು ಭಾರತ ಒಂಟಿಯಾಗಿ ಸೇನಾಬಲದಿಂದ ಎದುರಿಸುವುದು ಸಾಧ್ಯವಿಲ್ಲವೆಂದು ಎಚ್ಚರಿಸಿದ್ದರು. ಮೂರೇ ತಿಂಗಳಲ್ಲಿ ಯುದ್ಧ ಬಂತು. ಹೇಳಬೇಕಾದ್ದನ್ನು ಸಮವಸ್ತ್ರ ಕಳಚಿದ ಮೇಲೆ ಹೇಳಿದರು. ಅದಕ್ಕೆ ದೇಶ ತೆತ್ತ ಬೆಲೆ ದೊಡ್ಡದಾಗಿರಬಹುದು. ಆದರೂ ನನಗನ್ನಿಸುವುದು ಇಷ್ಟು: ನಾವು ಇವತ್ತು ಸರ್ಕಾರವನ್ನು ಬೈದುಕೊಂಡೇ ಆದರೂ ಓಟು ಹಾಕಿ ಬದಲಿಸುತ್ತಿದ್ದೇವಲ್ಲ, ಅದರಲ್ಲಿ ಕಾಯ್ದೆಗೆ ತಲೆಬಾಗಿದ ಇಂಥ ಜನರಲ್‌ಗಳ ಪಾಲೂ ಇದೆ.

ಪ್ರಶ್ನೆ ಕೇಳಬೇಕಾದ ಕಾಯ್ದೆಗಳು

ಹಾಗೆಂದು ಸೇನೆಯ ಕಾನೂನುಗಳೆಲ್ಲ ಪ್ರಶ್ನಾತೀತ ಅಂತಲ್ಲ. ತಿಮ್ಮಯ್ಯ ಮುಖ್ಯಸ್ಥರಾಗಿದ್ದಾಗಲೇ, 1958ರ ಸೆಪ್ಟೆಂಬರ್‌ನಲ್ಲಿ, ಅಸ್ಸಾಂ ಮತ್ತು ಮಣಿಪುರಕ್ಕಾಗಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಬಂತು. ನಾವು ಸುದ್ದಿಯಲ್ಲಿ ಅಫ್ಸ್‌ಪಾ ಎಂದು ಓದುವುದು ಇದನ್ನೇ. ಗಲಭೆಪೀಡಿತವೆಂದು ಘೋಷಿಸಿದ ಪ್ರದೇಶದಲ್ಲಿ ವಾರಂಟ್ ಇಲ್ಲದೆ ಬಂಧಿಸಲು, ಎಚ್ಚರಿಕೆ ಕೊಟ್ಟು ಗುಂಡು ಹಾರಿಸಲು ಅದು ಅಧಿಕಾರ ಕೊಡುತ್ತದೆ. ಅಲ್ಲಿ ಮಾಡಿದ ಕೆಲಸಕ್ಕಾಗಿ ಸೈನಿಕನ ಮೇಲೆ ಮೊಕದ್ದಮೆ ಹೂಡಲು ಕೇಂದ್ರದ ಅನುಮತಿ ಬೇಕು. ಸುಪ್ರೀಂ ಕೋರ್ಟ್ 1997ರಲ್ಲಿ ಇದನ್ನು ಎತ್ತಿಹಿಡಿದರೂ, ಸೇನೆ ಪಾಲಿಸಬೇಕಾದ ನಿಯಮಗಳು ಕಡ್ಡಾಯವೆಂದಿತು. ಕಾನೂನುಬದ್ಧ ಆಜ್ಞೆ ಎಂಬ ಪದಕ್ಕೆ ಅತಿ ಹೆಚ್ಚು ಪರೀಕ್ಷೆ ಎದುರಾಗುವುದು ಇಂಥ ಜಾಗದಲ್ಲೇ.

ಸೇನಾ ಕಾಯ್ದೆಯಲ್ಲೂ ಸಮಾನತೆ ಪೂರ್ತಿಯಿಲ್ಲ. ಸಮರಿ ಕೋರ್ಟ್ ಮಾರ್ಷಲ್ ಎಂಬುದರಲ್ಲಿ ಕಮಾಂಡಿಂಗ್ ಅಧಿಕಾರಿ ಒಬ್ಬರೇ ನ್ಯಾಯಾಲಯ. ಒಂದು ವರ್ಷದವರೆಗೆ ಜೈಲಿಗೆ ಕಳಿಸಬಹುದು. ಅದರಲ್ಲಿ ಅಧಿಕಾರಿಗಳ ವಿಚಾರಣೆ ನಡೆಯುವುದಿಲ್ಲ, ಸಿಪಾಯಿಗಳದ್ದು ನಡೆಯುತ್ತದೆ. ಕೋರ್ಟ್ ಮಾರ್ಷಲ್ ತೀರ್ಪಿನ ವಿರುದ್ಧ ಮೇಲ್ಮನವಿಗೆ ಸರಿಯಾದ ಜಾಗವೇ ಇಲ್ಲದಿರುವುದನ್ನು ಸುಪ್ರೀಂ ಕೋರ್ಟ್ 1982ರಲ್ಲೇ ಎತ್ತಿ ಆಡಿತ್ತು. ಕೊನೆಗೆ 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಹುಟ್ಟಿ, 2009ರಿಂದ ಕೆಲಸ ಶುರುಮಾಡಿತು. ಸರ್ಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳಲ್ಲಿ ಮಾತ್ರ ಹೆಣ್ಣುಮಕ್ಕಳಿಗೆ ಅವಕಾಶ ಎನ್ನುವುದು 12ನೇ ಸೆಕ್ಷನ್. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮಹಿಳಾ ಅಧಿಕಾರಿಗಳಿಗೂ ಕಾಯಂ ಕಮಿಷನ್ ಕೊಡಬೇಕೆಂದು ತೀರ್ಪಿತ್ತಿತು. ಕಾಯ್ದೆ ಕಲ್ಲಲ್ಲಿ ಕೆತ್ತಿದ್ದಲ್ಲ. ಆದರೆ ಅದನ್ನು ಬದಲಿಸುವ ಜಾಗ ಸಂಸತ್ತು ಮತ್ತು ನ್ಯಾಯಾಲಯ, ಬ್ಯಾರಕ್ ಅಲ್ಲ.

ಸೈಪ್ರಸ್‌ನಲ್ಲಿ ಕೊನೆ

ನಿವೃತ್ತಿಯ ನಂತರವೂ ತಿಮ್ಮಯ್ಯ ಸುಮ್ಮನೆ ಕೂರಲಿಲ್ಲ. 1964ರ ಜುಲೈನಲ್ಲಿ ವಿಶ್ವಸಂಸ್ಥೆಯ ಕರೆ ಬಂತು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳು ಕಾದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾದರು. ಅವರಿಗಿಂತ ಮೊದಲು ಆ ಸ್ಥಾನದಲ್ಲಿದ್ದವರೂ ಭಾರತೀಯರೇ, ಜನರಲ್ ಗ್ಯಾನಿ. ಅಲ್ಲಿಯೂ ಕಾನೂನಿನ ಒಂದು ವಿಶೇಷವಿತ್ತು. ವಿಶ್ವಸಂಸ್ಥೆ ಮತ್ತು ಸೈಪ್ರಸ್ ನಡುವೆ 1964ರ ಮಾರ್ಚ್‌ನಲ್ಲಾದ ಒಪ್ಪಂದದಂತೆ, ನೀಲಿ ಟೋಪಿ ತೊಟ್ಟ ಸೈನಿಕ ಅಲ್ಲಿ ಅಪರಾಧ ಮಾಡಿದರೆ ವಿಚಾರಣೆ ನಡೆಸಬೇಕಾದದ್ದು ಅವನ ಸ್ವಂತ ದೇಶ. ಸೈನಿಕ ಎಲ್ಲಿಗೆ ಹೋದರೂ ಅವನ ಕಾಯ್ದೆ ಬೆನ್ನುಚೀಲದಂತೆ ಜೊತೆಗೇ ಹೋಗುತ್ತದೆ.

1965ರ ಡಿಸೆಂಬರ್ 18ರಂದು, ಇನ್ನೂ ಅರವತ್ತು ತುಂಬುವ ಮುಂಚೆ, ಸೈಪ್ರಸ್‌ನಲ್ಲೇ ಕೆಲಸದಲ್ಲಿದ್ದಾಗ ಹೃದಯಾಘಾತದಿಂದ ತಿಮ್ಮಯ್ಯ ತೀರಿಕೊಂಡರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಮಣ್ಣು ಮಾಡಲಾಯಿತು. ಸೈಪ್ರಸ್ ಮುಂದಿನ ವರ್ಷ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ. 2021ರ ಫೆಬ್ರುವರಿಯಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ನಮ್ಮ ಕಡೆಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ನೋಡಿಕೊಂಡು ಬರಬಹುದು.

ನಮ್ಮೂರಿನ ರಸ್ತೆಯಲ್ಲಿ ಈಗಲೂ ಬೆಳಗಿನ ಜಾವ ಮಂಜಿನಲ್ಲಿ ಐದಾರು ಹುಡುಗರು ಓಡುತ್ತಿರುತ್ತಾರೆ. ಅಗ್ನಿವೀರ್ ರ‍್ಯಾಲಿಯ 1.6 ಕಿಲೋಮೀಟರ್ ಓಟದ ತಯಾರಿ. ನಾಲ್ಕು ವರ್ಷದ ಸೇವೆಯಾದರೂ ಅವರಿಗೂ ಅನ್ವಯಿಸುವುದು ಇದೇ 1950ರ ಕಾಯ್ದೆ. ಅದರ 13ನೇ ಸೆಕ್ಷನ್ ಪ್ರಕಾರ, ಭರ್ತಿ ಮಾಡಿಕೊಳ್ಳುವ ಅಧಿಕಾರಿ ಸೇವೆಯ ಷರತ್ತುಗಳನ್ನು ಅಭ್ಯರ್ಥಿಗೆ ಓದಿ ವಿವರಿಸಬೇಕು. ಅಲ್ಲಿ ಕೇಳುವ ಪ್ರಶ್ನೆಗಳಿಗೆ ಬೇಕಂತಲೇ ಸುಳ್ಳು ಉತ್ತರ ಕೊಟ್ಟರೆ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಆಯ್ಕೆಯಾದ ಖುಷಿಯಲ್ಲಿ ಯಾರೂ ಅದನ್ನು ಕಿವಿಗೊಟ್ಟು ಕೇಳುವುದಿಲ್ಲ. ನಮ್ಮ ಅಣ್ಣನೂ ಕೇಳಿರಲಿಲ್ಲ. ಗೆಳೆಯರೇ, ನೀವು ಕೇಳಿಸಿಕೊಳ್ಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎನ್ನಿ. ಮನೆಯವರಿಗೂ ತಿಳಿಸಿ, ಯಾಕೆಂದರೆ ರಜೆ ಇನ್ನೆರಡು ದಿನ ಇರು ಎನ್ನುವವರು ಅವರೇ.

ನಾನು ಅರ್ಜಿ ಹಾಕುವ ಆಸೆ ಬಿಟ್ಟಿಲ್ಲ. ಆದರೆ ಈ ಸಲ ಎಸ್‌ಎಸ್‌ಬಿ ಪುಸ್ತಕದ ಜೊತೆ ಸೇನಾ ಕಾಯ್ದೆಯನ್ನೂ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಮೊನ್ನೆ ಅಣ್ಣ ಫೋನ್ ಮಾಡಿದ್ದ. ಮುಂದಿನ ರಜೆ ಭತ್ತದ ಕೊಯ್ಲಿಗೆ ಸಿಗಬಹುದಂತೆ. ವಾಪಸ್ ಹೋಗುವ ರೈಲಿನ ಟಿಕೆಟನ್ನು ಈಗಲೇ ಮಾಡಿಸಿಡು, ರಜೆ ಮುಗಿಯುವ ಹಿಂದಿನ ದಿನಕ್ಕೇ ಮಾಡಿಸು ಎಂದ.